ಹೆಚ್ಚು ಇಳುವರಿಯ ಗಿಡದಿಂದ ಸ್ಪೆಷಾಲಿಟಿ ಕಾಫಿ ಸಾಧ್ಯವೇ ಇಲ್ಲವೇ?

“ಒಂದು ಕೆಜಿ ಕಾಫಿ ಬೀಜಕ್ಕೆ 26 ಲಕ್ಷ ರೂಪಾಯಿ! ನಮ್ಮವರು ಮಾತ್ರ ಇನ್ನೂ ಹೈಬ್ರಿಡ್ ಗಿಡ ಹಿಡಿದುಕೊಂಡು ಕೂತಿದ್ದಾರೆ. ಹಳೇ ಗಿಡ ಕಿತ್ತು ಗೀಶಾ ನೆಡಿ.” ಚಿಕ್ಕಮಗಳೂರು, ಹಾಸನ, ಕೊಡಗಿನ ಕಡೆ ನಿಮಗೆ ನೆಂಟರೋ ಸ್ನೇಹಿತರೋ ಇದ್ದರೆ ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು.

ಬೆಲೆಯ ಸಂಗತಿ ಸುಳ್ಳಲ್ಲ. 2025ರ ಆಗಸ್ಟ್‌ನಲ್ಲಿ ಪನಾಮ ದೇಶದ ಹರಾಜಿನಲ್ಲಿ ಹಸಿಯೆಂಡಾ ಲಾ ಎಸ್ಮೆರಾಲ್ಡಾ ಎಂಬ ತೋಟದ ಗೀಶಾ ಕಾಫಿ ಕೆಜಿಗೆ 30,204 ಡಾಲರ್‌ಗೆ ಹೋಯಿತು. ಸಂದೇಶ ಹೇಳದೆ ಬಿಟ್ಟದ್ದು ಇಷ್ಟು: ಆ ಬೆಲೆಗೆ ಮಾರಿದ್ದು ಬರೀ 20 ಕೆಜಿ. ಹೆಸರು ಮಾಡಿದ ತೋಟ, ವರ್ಷಕ್ಕೊಂದು ಹರಾಜು, ಪ್ರತಿಷ್ಠೆಗಾಗಿ ಕೊಳ್ಳುವ ಗಿರಾಕಿ. ಅದನ್ನು ಕಾಫಿಯ ಧಾರಣೆ ಎಂದುಕೊಳ್ಳುವುದು, ಲಾಟರಿ ಬಹುಮಾನವನ್ನು ಸಂಬಳ ಎಂದುಕೊಂಡ ಹಾಗೆ.

ಇನ್ನೊಂದು ತಮಾಷೆಯೂ ಇದೆ. ಇಥಿಯೋಪಿಯಾ ಮೂಲದ ಗೀಶಾ 1960ರ ದಶಕದಲ್ಲಿ ಪನಾಮಕ್ಕೆ ಬಂದದ್ದು ರುಚಿಗಾಗಿ ಅಲ್ಲ, ಎಲೆ ತುಕ್ಕು ರೋಗವನ್ನು ತಾಳಿಕೊಳ್ಳುತ್ತದೆ ಎಂಬ ಕಾರಣಕ್ಕೆ. ಇಳುವರಿ ಕಡಿಮೆ ಎಂದು ದಶಕಗಳ ಕಾಲ ಅದನ್ನು ಯಾರೂ ಕೇಳಲಿಲ್ಲ. 2004ರಲ್ಲಿ ಅದೇ ತೋಟದವರು ಒಂದೊಂದು ಭಾಗದ ಹಣ್ಣನ್ನು ಬೇರೆ ಬೇರೆ ಇಟ್ಟು ರುಚಿ ನೋಡಿದಾಗಲೇ ಅದರ ಗುಣ ಹೊರಗೆ ಬಿತ್ತು. ಈ “ಬೇರೆ ಬೇರೆ ಇಟ್ಟು” ಎಂಬುದನ್ನು ನೆನಪಿಡಿ. ನಮ್ಮ ಮಲೆನಾಡಿನ ಕಥೆ ಇರುವುದೂ ಅಲ್ಲೇ.

ಮೊದಲು ಸ್ಪೆಷಾಲಿಟಿ ಎಂದರೇನು ನೋಡೋಣ. ಅದು ತಳಿಯ ಹೆಸರಲ್ಲ. ಪುನುಗು ಬೆಕ್ಕು ತಿಂದು ಹಾಕಿದ ಬೀಜವೂ ಅಲ್ಲ. ಚಾಕೊಲೇಟ್, ಮಲ್ಲಿಗೆ, ಕಿತ್ತಳೆಯ ವಾಸನೆ ಬರಲಿ ಎಂದು ಎಸೆನ್ಸ್ ಬೆರೆಸಿದ ಪುಡಿಯಂತೂ ಅಲ್ಲವೇ ಅಲ್ಲ. ತರಬೇತಾದ ರುಚಿ ಪರೀಕ್ಷಕರು ಹದವಾಗಿ ಹುರಿದ ಕಾಫಿಯನ್ನು ಹಾಲು ಸಕ್ಕರೆ ಇಲ್ಲದೆ ಚಪ್ಪರಿಸಿ, ಪರಿಮಳ, ಹುಳಿ, ಸಿಹಿ, ನಾಲಿಗೆಯ ಮೇಲೆ ಉಳಿಯುವ ರುಚಿಗೆಲ್ಲ ಅಂಕ ಕೊಡುತ್ತಾರೆ. ಬಹುಕಾಲದಿಂದ ನಡೆದುಬಂದ ಲೆಕ್ಕದಲ್ಲಿ ನೂರಕ್ಕೆ 80 ಅಥವಾ ಹೆಚ್ಚು ಬಂದರೆ ಸ್ಪೆಷಾಲಿಟಿ. ಜೊತೆಗೆ 350 ಗ್ರಾಂ ಹಸಿರು ಬೀಜ ಹರಡಿ ಕಪ್ಪು ಬೀಜ, ಹುಳಿತ ಬೀಜ, ಹುಳು ತಿಂದ ಬೀಜ ಎಷ್ಟಿವೆ ಎಂದು ಎಣಿಸುತ್ತಾರೆ. ಗಿಡದ ಜಾತಕವನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ “ಹೈಬ್ರಿಡ್‌ಗೆ ರುಚಿ ಇಲ್ಲ” ಎಂಬ ಮಾತು? ಹೈಬ್ರಿಡ್ ಎಂದರೆ ಎರಡು ಗಿಡಗಳ ಮಿಶ್ರತಳಿ ಅಷ್ಟೆ. ಪ್ರಯೋಗಾಲಯದಲ್ಲಿ ಜೀನ್ ತೂರಿಸಿದ ಬೆಳೆ ಅಲ್ಲ. ಅರೇಬಿಕಾ ಎಂಬ ಜಾತಿಯೇ ಮಿಶ್ರತಳಿ. ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಕಾಡುಜಾತಿಗಳು ತಾವಾಗಿಯೇ ಕೂಡಿ ಅದು ಹುಟ್ಟಿತು. ಇದು ಸುಮಾರು 6 ಲಕ್ಷ ವರ್ಷಗಳ ಹಿಂದಿನ ಮಾತು ಎಂಬುದು 2024ರಲ್ಲಿ ಪ್ರಕಟವಾದ ಜೀನ್ ಅಧ್ಯಯನದ ಅಂದಾಜು. ನಮ್ಮ ತೋಟಗಳಲ್ಲಿ “ಹಳೇ ತಳಿ, ಒಳ್ಳೆ ರುಚಿ” ಎಂದು ಹೊಗಳಿಸಿಕೊಳ್ಳುವ ಎಸ್.795 ಕೂಡ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಮಿಶ್ರತಳಿ. ಅದರಲ್ಲಿ ಲೈಬೀರಿಕಾ ಜಾತಿಯ ರಕ್ತವೂ ಇದೆ.

ಇಷ್ಟೊಂದು ಬೆರಕೆ ಏಕೆ ಬೇಕಾಯಿತು ಎಂದರೆ ಉತ್ತರ ಎಲೆ ತುಕ್ಕು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿಯನ್ನೇ ನುಂಗಿತು. ಅದೇ ಹೊತ್ತಿಗೆ ನಮ್ಮ ಬೆಟ್ಟಗಳಿಗೂ ಬಂತು. ರೋಗ ತಡೆಯುವ ಗಿಡದ ಹುಡುಕಾಟವೇ ಇಲ್ಲಿನ ತಳಿಗಳ ಚರಿತ್ರೆ. 1980ರ ದಶಕದಲ್ಲಿ ಬಂದ ‘ಕಾವೇರಿ’ ಕ್ಯಾಟಿಮೋರ್ ಗುಂಪಿನ ಗಿಡ: ಗಿಡ್ಡ, ಒತ್ತೊತ್ತಾಗಿ ನೆಡಬಹುದು, ಬೇಗ ಫಸಲು, ರೆಂಬೆ ಬಗ್ಗುವಷ್ಟು ಕಾಯಿ. 2007ರಲ್ಲಿ ಬಂದ ‘ಚಂದ್ರಗಿರಿ’ಗೂ ತುಕ್ಕು ತಡೆಯುವ ಗುಣ ಬಂದದ್ದು ಟಿಮೋರ್ ದ್ವೀಪದಲ್ಲಿ ಸಿಕ್ಕ, ಅರೇಬಿಕಾ ಮತ್ತು ರೊಬಸ್ಟಾ ತಾವಾಗಿ ಕೂಡಿ ಹುಟ್ಟಿದ ಒಂದು ಗಿಡದಿಂದ.

ಕ್ಯಾಟಿಮೋರ್ ರುಚಿಯಲ್ಲಿ ಒರಟು ಎಂಬ ದೂರು ಪೂರ್ತಿ ಪೊಳ್ಳಲ್ಲ. ಆದರೆ ದೂರಿನ ಎಷ್ಟು ಪಾಲು ಗಿಡದ್ದು, ಎಷ್ಟು ಪಾಲು ನಾವು ಅದನ್ನು ಬೆಳೆಸುವ ರೀತಿಯದ್ದು? ಕೋಸ್ಟರಿಕಾದಲ್ಲಿ ಇದೇ ಗುಂಪಿನ ಗಿಡ್ಡ ತಳಿಯೊಂದನ್ನು ಬಿಸಿಲಿನಲ್ಲೂ ನೆರಳಿನಲ್ಲೂ ಬೆಳೆಸಿ ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನೆರಳಿನಲ್ಲಿ ಹಣ್ಣಾಗುವುದು ಒಂದು ತಿಂಗಳವರೆಗೆ ತಡವಾಯಿತು, ಬೀಜ ದಪ್ಪವಾಯಿತು, ಕಹಿ ಮತ್ತು ಒಗರು ಇಳಿಯಿತು. ಗಿಡದ ಮೇಲಿನ ಕಾಯಿಯ ಹೊರೆ ಕಡಿಮೆ ಮಾಡಿದಾಗಲೂ ಬೀಜ ಸುಧಾರಿಸಿತು. ಕಾರಣ ಸರಳ: ಎಲೆಗಳು ತಯಾರಿಸುವ ಆಹಾರವನ್ನು ಹಂಚಿಕೊಳ್ಳುವ ಕಾಯಿ ಜಾಸ್ತಿಯಾದರೆ ಒಂದೊಂದಕ್ಕೂ ಸಿಗುವುದು ಕಡಿಮೆ. ಆದರೆ ನೆರಳಿನಲ್ಲಿ ಇಳುವರಿ ಶೇ 18ರಷ್ಟು ಇಳಿಯಿತು ಎಂಬುದೂ ಅದೇ ಅಧ್ಯಯನದಲ್ಲಿದೆ. ಈ ಸಂಖ್ಯೆಗೆ ಮತ್ತೆ ಬರುತ್ತೇವೆ.

ರುಚಿ ಕಳೆದುಹೋದ ಇನ್ನೊಂದು ದಾರಿ ಗಿಡಕ್ಕೆ ಸಂಬಂಧಿಸಿದ್ದೇ ಅಲ್ಲ. 1940ರ ದಶಕದಿಂದ ಬೆಳೆಗಾರರು ತಮ್ಮ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಗ್ರೇಡ್‌ಗೆ ತಕ್ಕ ಪಾಯಿಂಟ್, ಪಾಯಿಂಟ್‌ಗೆ ತಕ್ಕ ಹಣ, ಅದೂ ಕಂತು ಕಂತಾಗಿ. ಯಾರ ತೋಟದ್ದು, ಯಾವ ಗುಡ್ಡದ್ದು ಎಂಬ ಗುರುತು ಗೋಣಿಚೀಲದೊಂದಿಗೆ ಮುಗಿಯುತ್ತಿತ್ತು. ಬೆಲೆ ಕುಸಿದಾಗ ಸಣ್ಣವರನ್ನು ಈ ಪದ್ಧತಿ ಕಾಪಾಡಿತು, ಅದನ್ನು ಮರೆಯಬಾರದು. ಆದರೆ ಒಂದು ಮೂಲೆಯ ಹಣ್ಣನ್ನು ಬೇರೆ ಇಟ್ಟು ಹೆಚ್ಚು ಮುತುವರ್ಜಿ ವಹಿಸಲು ಅಲ್ಲಿ ಕಾರಣವೇ ಇರಲಿಲ್ಲ. ತೂಕ ಹೆಚ್ಚಿಸುವುದೇ ಜಾಣತನವಾಗಿತ್ತು. 1992ರಿಂದ ಹಂತ ಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಬೆಳೆಗಾರ ತನಗೆ ಬೇಕಾದವರಿಗೆ ಮಾರಬಹುದು ಎಂದಾಯಿತು. ನಮ್ಮಲ್ಲಿ ತೋಟದ ಹೆಸರಿನ ಕಾಫಿಗೆ ಆಗಿರುವ ವಯಸ್ಸು ಇಷ್ಟೇ.

ಈಗ ತೋಟಕ್ಕೆ ಬನ್ನಿ. ಸ್ಪೆಷಾಲಿಟಿ ತಯಾರಾಗುವುದು ಮುಖ್ಯವಾಗಿ ಕೊಯ್ಲಿನಿಂದ ಕಣದವರೆಗಿನ ಕೆಲವು ವಾರಗಳಲ್ಲಿ. ಒಂದೇ ರೆಂಬೆಯಲ್ಲಿ ಹಸಿರು ಕಾಯಿ, ಹಳದಿ, ಕೆಂಪು ಹಣ್ಣು, ಒಣಗಿ ಕಪ್ಪಾದದ್ದು ಎಲ್ಲ ಇರುತ್ತವೆ. ಕೆಂಪನ್ನಷ್ಟೇ ಆರಿಸಿದರೆ ಸಿಹಿ, ಹಸಿರು ಸೇರಿದರೆ ಒಗರು. ಕೊಯ್ದ ದಿನವೇ ನೀರಿಗೆ ಹಾಕಿ ತೇಲುವ ಜೊಳ್ಳು ತೆಗೆಯಬೇಕು. ಪಲ್ಪರ್‌ಗೆ ಹಾಕಿದ ಮೇಲೆ ಲೋಳೆ ಬಿಡುವಷ್ಟೇ ಹೊತ್ತು ಹುಳಿಯಬೇಕು. ಮೀರಿದರೆ ಕೆಟ್ಟ ವಾಸನೆ ಬೀಜಕ್ಕೇ ಹತ್ತುತ್ತದೆ. ಒಣಗಿಸುವಾಗ ತೆಳ್ಳಗೆ ಹರಡಿ, ಕೈಯಾಡಿಸುತ್ತ, ತೇವ ಶೇ 10–11ಕ್ಕೆ ಇಳಿಯುವವರೆಗೆ ಕಾಯಬೇಕು. ಡಿಸೆಂಬರ್‌ನಲ್ಲಿ ಅಕಾಲದ ಮಳೆ ಬಂದು ಕಣದಲ್ಲಿದ್ದ ಹಣ್ಣು ಬೂಸ್ಟು ಹಿಡಿಯಿತೋ, ವರ್ಷದ ಶ್ರಮ ಮಾಮೂಲಿ ಚೆರಿಯ ಬೆಲೆಗೆ. ಗೀಶಾ ಗಿಡ ನೆಟ್ಟು ಈ ಒಂದು ಹಂತ ತಪ್ಪಿಸಿದರೂ ಸಿಗುವುದು ಕಳಪೆ ಕಾಫಿಯೇ. ಚಂದ್ರಗಿರಿಯಲ್ಲಿ ಇಷ್ಟನ್ನೂ ಮಾಡಿದರೆ 80 ದಾಟಬಲ್ಲದು.

ಹಾಗಿದ್ದರೆ ಎಲ್ಲರೂ ಏಕೆ ಮಾಡುತ್ತಿಲ್ಲ? ಲೆಕ್ಕ ಹಾಕಿ ನೋಡಿ (ಬೆಲೆಗಳು ಉದಾಹರಣೆಗೆ ಮಾತ್ರ). ಸಾಲುಗಟ್ಟಿ ಉದುರಿಸುವ ಕೊಯ್ಲಿಗೆ ಕೆಜಿ ಹಣ್ಣಿಗೆ 6 ರೂಪಾಯಿ ಕೂಲಿ ಎಂದಿಟ್ಟುಕೊಳ್ಳೋಣ. ಕೆಂಪು ಮಾತ್ರ ಆರಿಸುವಾಗ ಕೈ ನಿಧಾನವಾಗಿ ದಿನದ ಕೊಯ್ಲು ಅರ್ಧವಾದರೆ, ಕೂಲಿಯವರ ಸಂಪಾದನೆ ಕುಸಿಯದಂತೆ 12 ರೂಪಾಯಿ ಕೊಡಬೇಕು. ಒಂದು ಕೆಜಿ ಹಸಿರು ಬೀಜಕ್ಕೆ 5ರಿಂದ 6 ಕೆಜಿ ಹಣ್ಣು ಬೇಕು. ಅಲ್ಲಿಗೇ 30–36 ರೂಪಾಯಿ ಹೆಚ್ಚಾಯಿತು. ಇಳುವರಿಗಾಗಿ ಮರಗಸಿ ಮಾಡಿ ತೋಟ ಬೋಳಾಗಿಸಿಕೊಂಡವರು ಮತ್ತೆ ನೆರಳು ತಂದು, ಆ ಅಧ್ಯಯನದ ಶೇ 18ರ ನಷ್ಟವನ್ನೂ ಅನುಭವಿಸಿದರೆ, ಕೆಜಿಗೆ 400 ರೂಪಾಯಿ ಸಿಗುತ್ತಿದ್ದದ್ದು 488 ಆದರೆ ಮಾತ್ರ ಹಳೆಯ ಆದಾಯ ಉಳಿಯುತ್ತದೆ. ಎರಡನ್ನೂ ಕೂಡಿದರೆ ಹತ್ತಿರ ಹತ್ತಿರ 120 ರೂಪಾಯಿ ಹೆಚ್ಚು ಬೆಲೆ ಬೇಕು, ಅದೂ ಬರೀ ಮೊದಲಿನಷ್ಟೇ ಗಳಿಸಲು. ಒಣಗಿಸುವ ಅಟ್ಟ, ಟಾರ್ಪಾಲು, ಕಾವಲಿನ ಖರ್ಚು ಇನ್ನೂ ಸೇರಿಲ್ಲ.

ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಪಲ್ಪರ್ ಇಲ್ಲದ, ಕೊಯ್ಲಿಗೆ ಆಳು ಸಿಗದ ಮೂರೆಕರೆಯವರಿಗೆ “ಕ್ವಾಲಿಟಿ ಮಾಡಿ” ಎಂದು ಬೆಂಗಳೂರಿನಿಂದ ಬುದ್ಧಿ ಹೇಳುವುದು ಸುಲಭ. ಅದರಲ್ಲೂ ಮಾಮೂಲಿ ಕಾಫಿಗೇ ಒಳ್ಳೆ ಬೆಲೆ ಬಂದ ವರ್ಷ ಯಾರು ತಾನೇ ಕಷ್ಟಪಡುತ್ತಾರೆ? 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಬಂದದ್ದನ್ನೆಲ್ಲ ಒಣಗಿಸಿ ಮಾರಿದವರ ತೀರ್ಮಾನ ತಪ್ಪಲ್ಲ.

ರೊಬಸ್ಟಾ ಎಂದರೆ ಕೀಳು ಎಂಬ ಮಾತೂ ಇಲ್ಲಿಯೇ ಬರುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ರೊಬಸ್ಟಾ. ಅದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಹಾಗಾಗಿ ಕಹಿ ಜಾಸ್ತಿ. ಆದರೆ ಅದಕ್ಕೂ ಪ್ರತ್ಯೇಕ ಅಂಕಪಟ್ಟಿ ಇದೆ. 80 ದಾಟಿದರೆ ‘ಫೈನ್ ರೊಬಸ್ಟಾ’. ಹಣ್ಣು ಆರಿಸಿ, ಪಲ್ಪಿಂಗ್ ಮಾಡಿ, ತೊಳೆದ ದಪ್ಪ ಬೀಜದ ‘ಕಾಪಿ ರಾಯಲ್’ ಎಂಬ ಗ್ರೇಡ್ ನಮ್ಮಲ್ಲಿ ಮೊದಲಿಂದ ಇದೆ.

ಪ್ರಯತ್ನಿಸುವ ಮನಸ್ಸಿದ್ದವರು ಗಿಡ ಕೀಳುವ ಅಗತ್ಯವಿಲ್ಲ. ಹೊಸ ಅರೇಬಿಕಾ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಬಿಳಿ ಕಾಂಡಕೊರಕಕ್ಕೆ ಅಷ್ಟು ತಾಳ್ಮೆ ಇಲ್ಲ. ತೋಟದ ಎತ್ತರದ, ನೆರಳಿರುವ ಒಂದು ಮೂಲೆ ಆರಿಸಿಕೊಂಡು, ಒಂದೆರಡು ಚೀಲದಷ್ಟು ಕೆಂಪು ಹಣ್ಣನ್ನು ಬೇರೆ ಕೊಯ್ದು, ಬೇರೆ ಒಣಗಿಸಿ, ಮಾದರಿಯನ್ನು ಕಾಫಿ ಮಂಡಳಿಯ ಗುಣಮಟ್ಟ ವಿಭಾಗಕ್ಕೆ ಕಳಿಸಿದರೆ ರುಚಿಯ ವರದಿ ಸಿಗುತ್ತದೆ. 82 ಬಂದರೆ ಕೊಳ್ಳುವವರ ಹತ್ತಿರ ಮಾತಾಡಲು ಒಂದು ಕಾಗದ ಕೈಯಲ್ಲಿರುತ್ತದೆ. 76 ಬಂದರೆ ಕಳೆದುಕೊಂಡದ್ದು ಒಂದೆರಡು ಚೀಲದ ಹೆಚ್ಚಿನ ಕೂಲಿ, ತೋಟವಲ್ಲ.