ಉಪ್ಪುನೀರಿನ ಸಂಸಾರ



ಹಾಸನದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಡಲಿನ ಮೀನು, ಹವಳ ಎಲ್ಲ ಇರುವ ಗಾಜಿನ ತೊಟ್ಟಿ ಮನೆಯಲ್ಲೂ ಬೇಕೆಂದು ಮಗಳು ಹಟ ಹಿಡಿದಿದ್ದಾಳಂತೆ. "ಗೋಲ್ಡ್ ಫಿಶ್ ಸಾಕಿ ಅಭ್ಯಾಸವಿದೆ. ಇದೂ ಹಾಗೇನಾ? ನೀರಿಗೆ ಒಂದಿಷ್ಟು ಉಪ್ಪು ಹಾಕಿದರೆ ಆಯಿತಲ್ಲ?" ಎಂದು ಕೇಳಿದ್ದಾರೆ.

ಇಲ್ಲ ತಾಯಿ, ಆಗಲಿಲ್ಲ. ನಾನೂ ಹಾಗೇ ಅಂದುಕೊಂಡು ಕೆಟ್ಟವಳು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಈ ಸಲ ಅಡುಗೆಯ ಮಾತು ಸ್ವಲ್ಪ ಪಕ್ಕಕ್ಕಿರಲಿ.

ಎರಡು ವರ್ಷದ ಹಿಂದಿನ ಮಾತು. ಎಂಟು ವರ್ಷದ ಮೊಮ್ಮಗ 'ಫೈಂಡಿಂಗ್ ನೀಮೋ' ಚಿತ್ರ ನೋಡಿದ್ದೇ ನೋಡಿದ್ದು, ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಆ ಕ್ಲೌನ್ ಮೀನು ಬೇಕೇ ಬೇಕು ಎಂದ. ಮಗ ನಮ್ಮ ಬೆಂಗಳೂರಿನ ಮನೆಯ ಹಾಲ್‌ಗೆ ಮೂರು ಅಡಿ ಉದ್ದದ ತೊಟ್ಟಿ ತಂದ. ಅಂಗಡಿಯವರು "ಮೂರು ದಿನ ನೀರು ಓಡಾಡಲಿ ಸಾರ್, ಆಮೇಲೆ ಮೀನು ಬಿಡಿ" ಅಂದರು. ನಾಲ್ಕನೆಯ ದಿನ ಎರಡು ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್ ಬಂದವು. ಮನೆಯಲ್ಲಿ ಹಬ್ಬವೋ ಹಬ್ಬ! ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋದರು. ಆರನೆಯ ದಿನ ಬೆಳಿಗ್ಗೆ ಕಾಫಿ ಹಿಡಿದು ಬಂದು ನೋಡುತ್ತೇನೆ, ಮೂರೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಸಂಜೆಗೆ ನೀಲಿ ಮೀನು ಹೋಯಿತು. ಎರಡು ದಿನ ಬಿಟ್ಟು ಉಳಿದ ಎರಡೂ ಹೋದವು.

ಹುಡುಗ ಅವನ್ನು ದೊಡ್ಡಪತ್ರೆಯ ಕುಂಡದಲ್ಲಿ ಹೂತ. ಕೈ ತೊಳೆದುಕೊಂಡು ಬಂದು ಕೇಳಿದ: "ಅಜ್ಜೀ, ಅವು ಸಮುದ್ರದಲ್ಲೇ ಇದ್ದಿದ್ರೆ ಸಾಯ್ತಿದ್ವಾ?"

ಮೂವತ್ತೈದು ವರ್ಷ ಸಂಸಾರ ನಡೆಸಿದವಳು ನಾನು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಆಗ ಗೊತ್ತಾಯಿತು ನೋಡಿ, ಮೊದಲು ಸಾಕಬೇಕಾದದ್ದು ಮೀನನ್ನಲ್ಲ, ನೀರನ್ನು. ಮೀನಿನ ಹೇಸಿಗೆ, ಅದು ತಿನ್ನದೆ ಬಿಟ್ಟ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೇಡಲ್ಲ, ವಾರವಾರ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಎರಡು ಜಾತಿಯವೂ ಕಲ್ಲಿನ ಮೇಲೆ, ಮರಳಿನಲ್ಲಿ ನೆಲೆಯೂರಿ ಸಂಸಾರ ಹೂಡುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಹತ್ತು ನಿಮಿಷಕ್ಕೊಮ್ಮೆ ಪಾತ್ರೆ ಅಲ್ಲಾಡಿಸಿ ನೋಡುತ್ತೀರಾ? ಇಲ್ಲವಲ್ಲ. ಇದೂ ಹೆಪ್ಪೇ. ನಾವು ಹೆಪ್ಪೇ ಹಾಕದೆ ಮೊಸರು ಬಡಿಸಲು ಕೂತಿದ್ದೆವು.

ಹಾಗಾದರೆ ಹೆಪ್ಪು ಹಾಕುವುದು ಹೇಗೆ? ಮೀನಿಲ್ಲದ ತೊಟ್ಟಿಗೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಕೊಳೆಯಲು ಬಿಡಿ. ಅಂಗಡಿಯಲ್ಲಿ ತೊಟ್ಟು ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್ ಸಿಗುತ್ತದೆ. ಎರಡು ದಿನಕ್ಕೊಮ್ಮೆ ನೋಡಿ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲೇ, ಗುರುತು ಹಾಕಿ. ಅಮೋನಿಯಾ ಏರಿ ಇಳಿಯುತ್ತದೆ, ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತ ಮೇಲೆ ಕಾಲುಭಾಗ ನೀರು ಬದಲಿಸಿ ಮೀನು ತನ್ನಿ. ಬ್ಯಾಕ್ಟೀರಿಯಾ ಸೀಸೆಯಲ್ಲೂ ಬರುತ್ತದೆ. ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಸೀಸೆಯ ಮೇಲಿನ ಮಾತನ್ನಲ್ಲ, ಕಿಟ್‌ನ ಬಣ್ಣವನ್ನು ನಂಬಿ.

ಇನ್ನು ನೀರು. ಬೋರ್‌ವೆಲ್ ನೀರು, ನಲ್ಲಿಯ ನೀರು ಎರಡೂ ಬೇಡ. ಮನೆಯ ಆರ್‌ಓ ಯಂತ್ರವೂ ಕುಡಿಯುವ ರುಚಿಗೆಂದು ಒಂದಿಷ್ಟು ಲವಣ ಉಳಿಸಿಕೊಳ್ಳುತ್ತದೆ. ನಮ್ಮದರಲ್ಲಿ ಟಿಡಿಎಸ್ 60 ತೋರಿಸಿತು, ಬೇಕಾದದ್ದು 0. ಅದಕ್ಕೆ ಡಿಐ ಎಂಬ ಇನ್ನೊಂದು ಸೋಸುವ ಕೊಳವೆ ಜೋಡಿಸಬೇಕು. ಅಡುಗೆಯ ಉಪ್ಪು, ಹರಳುಪ್ಪು ನಡೆಯುವುದಿಲ್ಲ. ಕಡಲಿನ ನೀರಿನಲ್ಲಿ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಹದವಾಗಿ ಸೇರಿಸಿದ ಉಪ್ಪಿನ ಮಿಶ್ರಣವೇ ಬೇರೆ ಇದೆ. ಒಂದು ಲೀಟರಿಗೆ ಹೆಚ್ಚುಕಡಿಮೆ 35ರಿಂದ 38 ಗ್ರಾಂ. ನಮ್ಮ ತೊಟ್ಟಿ 120 ಲೀಟರಿನದು, ನಾಲ್ಕೂವರೆ ಕಿಲೋ ಹಿಡಿಯಿತು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿ, ಉಪ್ಪು ಹಾಕಿ, ಸಣ್ಣ ಪಂಪ್ ಬಿಟ್ಟು ಒಂದು ರಾತ್ರಿ ಕದಡಲಿ. ಬೆಳಿಗ್ಗೆ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಬಿಟ್ಟು ನೋಡಿದರೆ 35 ತೋರಬೇಕು. ಒಂದು ಮಾತು ಮರೆಯಬೇಡಿ. ತಾಮ್ರದ ಬಿಂದಿಗೆ, ತಾಮ್ರದ ಚೊಂಬು ಇದರ ಹತ್ತಿರ ಸುಳಿಯಕೂಡದು. ನಮ್ಮ ಆರೋಗ್ಯಕ್ಕೆ ಒಳ್ಳೆಯದೆಂದು ನಾವು ಕುಡಿಯುವ ಆ ತಾಮ್ರ ಸೀಗಡಿಗೆ, ಬಸವನಹುಳುವಿಗೆ, ಹವಳಕ್ಕೆ ಹಾಲಾಹಲ. ಸೊಳ್ಳೆಗೆ ಹೊಡೆಯುವ ಸ್ಪ್ರೇಯೂ ಅಷ್ಟೆ.

ಮಂಗಳೂರು, ಉಡುಪಿಯ ಸೋದರಿಯರು "ನಮಗೇನು, ಸಮುದ್ರವೇ ಹಿತ್ತಲಲ್ಲಿದೆ" ಅಂತೀರೇನೋ. ದಡದ ನೀರು ಬೇಡಿ. ಮಳೆಗಾಲದಲ್ಲಿ ಹೊಳೆಯ ನೀರು ಬೆರೆತು ಉಪ್ಪು ತೆಳ್ಳಗಾಗಿರುತ್ತದೆ, ದೋಣಿಯ ಎಣ್ಣೆ, ಊರಿನ ಕೊಳಚೆ ಬೇರೆ.

ತೊಟ್ಟಿಯ ನೀರು ದಿನವೂ ಆರುತ್ತದೆ. ಆಗ ಹೊಸಬರು ಉಪ್ಪುನೀರನ್ನೇ ಸುರಿಯುತ್ತಾರೆ, ತಪ್ಪು. ಸಾರು ಕುದಿದು ಬತ್ತಿದರೆ ಏನಾಗುತ್ತದೆ? ಉಪ್ಪಾಗುತ್ತದೆ. ಅದಕ್ಕೆ ಮತ್ತೆ ಉಪ್ಪು ಹಾಕುತ್ತೀರಾ, ನೀರು ಹಾಕುತ್ತೀರಾ? ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಬರಿಯ ಸಿಹಿನೀರು, ದಿನಕ್ಕೆ ಇಷ್ಟಿಷ್ಟೇ. ಉಪ್ಪುನೀರು ಹಾಕುವುದು ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ತೆಗೆದು ಬದಲಿಸುವಾಗ ಮಾತ್ರ.

ಈಗ ಹವಳದ ವಿಷಯ. ಇದನ್ನು ಗಮನವಿಟ್ಟು ಓದಿ. ಎರಡನೆಯ ಸಲ ತೊಟ್ಟಿ ಕಟ್ಟುವಾಗ ಒಬ್ಬರು ಮೊಬೈಲಿನಲ್ಲಿ ಚಿತ್ರ ತೋರಿಸಿ, "ನಿಜವಾದ ಹವಳದ ಕಲ್ಲು ತರಿಸಿಕೊಡ್ತೀನಿ ಅಮ್ಮಾ, ಯಾರಿಗೂ ಹೇಳಬೇಡಿ" ಅಂದರು. ಯಾರಿಗೂ ಹೇಳಬೇಡಿ ಅಂದ ಕೂಡಲೇ ನಮಗೆ ಅರ್ಥವಾಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ, ಹುಲಿ ಇರುವ ಪಟ್ಟಿಗೇ, 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದರು. ಕಪ್ಪು ಹವಳ, ಕಡಲ ಬೀಸಣಿಗೆ, ಕುದುರೆ ಮೀನು ಕೂಡ ಸೇರಿದವು. ಜೀವಂತವಾಗಲಿ, ಸತ್ತ ತುಂಡಾಗಲಿ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅಂದ ಹಾಗೆ, ಅದೃಷ್ಟಕ್ಕೆಂದು ಚೌಕಟ್ಟು ಹಾಕಿಸಿ ಮಾರುವ 'ಇಂದ್ರಜಾಲ' ಎಂಬ ಬೇರು ಇದೆಯಲ್ಲ, ಅದು ಬೇರೂ ಅಲ್ಲ, ಗಿಡವೂ ಅಲ್ಲ, ಇದೇ ಕಡಲ ಬೀಸಣಿಗೆಯ ಜಾತಿ. ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಕಾನೂನಿನ ಭಯಕ್ಕಷ್ಟೇ ಹೇಳುತ್ತಿಲ್ಲ. ಅಂಗೈಯಷ್ಟು ಗಟ್ಟಿ ಹವಳ ಬೆಳೆಯಲು ವರ್ಷಗಳೇ ಬೇಕು. ನಮ್ಮದೇ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಜನ ಮುಳುಗಿ ನೋಡಿ ಬರುತ್ತಾರೆ. ಅಲ್ಲಿಯೇ ಇರಲಿ. ತೊಟ್ಟಿಗೆ ಮನುಷ್ಯರು ಮಾಡಿದ ಸೆರಾಮಿಕ್ ಕಲ್ಲು ಸಿಗುತ್ತದೆ. ತುಂಬ ರಂಧ್ರ ಇರುವುದರಿಂದ ಬ್ಯಾಕ್ಟೀರಿಯಾಕ್ಕೆ ಅದೇ ಬಾಡಿಗೆ ಮನೆ. ಮೆದು ಹವಳ, ಅಣಬೆಯಂಥ ಹವಳಗಳನ್ನು 2001ರಲ್ಲಿ ಪಟ್ಟಿಗೆ ಸೇರಿಸಲಿಲ್ಲ. ಆದರೂ ಎಲ್ಲಿಂದ ಬಂತು ಎಂಬ ಕಾಗದ ಕೇಳಿ, ಅನುಮಾನ ಬಂದರೆ ಅರಣ್ಯ ಇಲಾಖೆಯನ್ನು ವಿಚಾರಿಸಿ, ಆಮೇಲೆ ದುಡ್ಡು ಕೊಡಿ. ಅದೂ ತೊಟ್ಟಿ ಆರು ತಿಂಗಳು ನೆಟ್ಟಗೆ ನಡೆದ ಮೇಲೆ.

ಬಟನ್ ಗಾತ್ರದ ಹೂವಿನಂತೆ ಅರಳುವ ಝೋಆಂಥಿಡ್ ಎಂಬುದನ್ನು ಮಾತ್ರ ಮಕ್ಕಳಿರುವ ಮನೆಗೆ ತರಲೇಬೇಡಿ ಎನ್ನುತ್ತೇನೆ ನಾನು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿ ತೊಳೆಯಲು ಹೋಗಿ ಒಂದು ಮನೆಯವರೆಲ್ಲ ಆಸ್ಪತ್ರೆ ಸೇರಿದರು. ಆ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದು, ಬರಿಗೈಯಲ್ಲಿ ಉಜ್ಜುವುದು ಎರಡೂ ಅಪಾಯ.

ನೀರು ಸದಾ ಅಲುಗಾಡುತ್ತಿರಬೇಕು, ಅದಕ್ಕೊಂದು ಪಂಪ್ ಬೇಕು. ಈ ಪಂಪ್ ಇಲ್ಲದ ಕಾಲದಲ್ಲಿ, 1846ರಲ್ಲಿ, ಲಂಡನ್ನಿನ ಆನಾ ಥಿನ್ ಎಂಬ ಗೃಹಿಣಿ ಟಾರ್ಕ್ವೇ ಕಡಲತೀರದಿಂದ ಹವಳ ತಂದು ಮನೆಯಲ್ಲಿ ಸಾಕಿದರು. ಅವರ ಮನೆಯ ಕೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ದಿನಾ ಅರ್ಧ-ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳಂತೆ, ನಾವು ಲೋಟದಿಂದ ಬಟ್ಟಲಿಗೆ ಕಾಫಿ ಆರಿಸುವ ಹಾಗೆ. ಹೆಸರು ಯಜಮಾನಿಯದು, ರಟ್ಟೆ ನೋವು ಆಕೆಯದು. ಕರೆಂಟು ಹೋದಾಗಲೆಲ್ಲ ನನಗೆ ಆಕೆಯ ನೆನಪು. ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ನೀರಿನ ಪ್ರಾಣವಾಯು ಕಡಿಮೆಯಾಗುತ್ತದೆ. ಯುಪಿಎಸ್ ಇಲ್ಲದಿದ್ದರೆ ಬ್ಯಾಟರಿಯ ಗಾಳಿ ಪಂಪ್ ಒಂದು ಇಟ್ಟಿರಿ. ಅದೂ ಇಲ್ಲವೋ, ಲೋಟ ಹಿಡಿಯಿರಿ!

ನೀರಿನ ಉಷ್ಣ 25ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ನಮ್ಮದು 30 ಮುಟ್ಟಿತ್ತು. ನೀರಿನ ಮೇಲೆ ಬೀಸುವಂತೆ ಸಣ್ಣ ಫ್ಯಾನ್ ಇಟ್ಟೆವು, ಎರಡು ಡಿಗ್ರಿ ಇಳಿಯಿತು. ಕಲಬುರಗಿಯ ಬಿಸಿಲಿಗೆ ಇದು ಸಾಲದು, ಚಿಲ್ಲರ್ ಬೇಕು. ಹಾಸನದ ಸೋದರಿಗೆ ಬೇಸಿಗೆಯ ಕಾಟ ಕಡಿಮೆ, ಚಳಿಗಾಲದ ರಾತ್ರಿಗೆ ಹೀಟರ್ ಬೇಕಾದೀತು. ಎಲ್ಲ ಸೇರಿ ನಮ್ಮ ಮನೆಯಲ್ಲಿ ಖರ್ಚು ಐವತ್ತು ಸಾವಿರ ದಾಟಿತು. ನಮ್ಮವರು ಈಗಲೂ ಆ ಲೆಕ್ಕದ ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ.

ಎರಡನೆಯ ಸಲವೂ ಎಡವಿದೆ, ಹೇಳಿಬಿಡುತ್ತೇನೆ. ಮೂರನೆಯ ವಾರ ಕಲ್ಲಿಗೆಲ್ಲ ಕಂದು ಲೋಳೆ ಹತ್ತಿಕೊಂಡಿತು. ಗಲೀಜು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಮೂರು ಕಲ್ಲು ತೆಗೆದು ನಲ್ಲಿಯ ಕೆಳಗೆ ಹಿಡಿದು ತಿಕ್ಕಿದೆ. ಕ್ಲೋರಿನ್ ನೀರಿಗೆ ಬ್ಯಾಕ್ಟೀರಿಯಾದ ಸಂಸಾರ ತೊಳೆದುಹೋಯಿತು, ಹೆಪ್ಪು ಮತ್ತೆ ಮೊದಲಿಂದ. ಆ ಕಂದು ಬಣ್ಣ ಹೊಸ ತೊಟ್ಟಿಗೆಲ್ಲ ಬರುವ ಪಾಚಿ, ತಾನಾಗಿ ಹೋಗುತ್ತದೆ. ಗೃಹಿಣಿಯರಿಗೆ ಈ ಹವ್ಯಾಸದಲ್ಲಿ ಕಷ್ಟದ ಕೆಲಸ ಇದೇ, ಕೊಳೆ ಕಂಡೂ ಕೈಕಟ್ಟಿ ಕೂರುವುದು.

ಅಂತೂ ಎಂಟನೆಯ ವಾರ ಎರಡು ಕ್ಲೌನ್ ಮೀನು ತಂದೆವು. ಕಡಲಿನಿಂದ ಹಿಡಿದವಲ್ಲ, ಸಾಕಣೆ ಕೇಂದ್ರದಲ್ಲೇ ಹುಟ್ಟಿದವು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಢಿಸಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ಹೆಂಗಸರಿಗೆ ಅಲಂಕಾರದ ಸೀಗಡಿ ಸಾಕುವುದನ್ನೂ ಕಲಿಸಲಾಗಿದೆ. ಆದ್ದರಿಂದ ಅಂಗಡಿಯಲ್ಲಿ ಮೊದಲ ಪ್ರಶ್ನೆ "ಬೆಲೆ ಎಷ್ಟು" ಅಲ್ಲ, "ಇದು ಎಲ್ಲಿ ಹುಟ್ಟಿದ್ದು" ಎಂದಿರಲಿ. ನೀಲಿ ಟ್ಯಾಂಗ್ ಬೇಡವೇ ಬೇಡ. ಅದು ಒಂದು ಅಡಿಯಷ್ಟು ಬೆಳೆಯುವ, ಉದ್ದಕ್ಕೆ ಈಜುವ ಮೀನು. ಮೂರಡಿಯ ತೊಟ್ಟಿ ಅದಕ್ಕೆ ಸೆರೆಮನೆ.

ಕ್ಲೌನ್ ಮೀನಿನ ಗುಟ್ಟೊಂದಿದೆ. ಹುಟ್ಟುವಾಗ ಅವೆಲ್ಲ ಗಂಡೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆ ವಹಿಸುತ್ತದೆ. ಅವಳು ಸತ್ತರೆ ಅವಳ ಗಂಡನೇ ಹೆಣ್ಣಾಗುತ್ತಾನೆ! ಇದನ್ನು ಊಟದ ಹೊತ್ತಿಗೆ ಹೇಳಿದೆ. ನಮ್ಮವರು ಮಾತಾಡದೆ ಮಜ್ಜಿಗೆ ಹಾಕಿಸಿಕೊಂಡರು.

ಇವುಗಳ ಊಟ, ಹೆಪ್ಪುಗಟ್ಟಿಸಿದ ಸಣ್ಣ ಸೀಗಡಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಟಾಣಿಯ ಪಕ್ಕ ಇದ್ದದ್ದನ್ನು ನಮ್ಮ ಅತ್ತೆ ಕಂಡ ದಿನದ ಕಥೆ ಬರೆದರೆ ಈ ಪುಟ ಸಾಲದು. ಈಗ ಅದಕ್ಕೆ ಬೇರೆ ಪುಟ್ಟ ಫ್ರಿಜ್ಜು ಇದೆ. ಅತ್ತೆಯೇ ಮಧ್ಯಾಹ್ನ ತೊಟ್ಟಿಯ ಎದುರು ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ, "ದೊಡ್ಡವಳು ಇವತ್ತು ಯಾಕೋ ಸಪ್ಪಗಿದ್ದಾಳೆ" ಎಂದು ನನಗೆ ವರದಿ ಕೊಡುತ್ತಾರೆ.

ಹಾಸನದ ಸೋದರಿ, ಮಗಳಿಗೆ ಮೊದಲು ತೊಟ್ಟಿ, ಕಲ್ಲು, ಪರೀಕ್ಷೆಯ ಕಿಟ್ ಮಾತ್ರ ಕೊಡಿಸಿ. ಕ್ಯಾಲೆಂಡರಿನ ಗುರುತು ಅವಳೇ ಹಾಕಲಿ. ಆರು ವಾರ ಬರಿಯ ನೀರನ್ನು ನೋಡಿಕೊಂಡು ಅವಳು ಬೇಸರಪಟ್ಟುಕೊಳ್ಳದಿದ್ದರೆ ನನಗೆ ಬರೆಯಿರಿ, ಮೀನು ಆರಿಸುವುದನ್ನು ಆಗ ಮಾತಾಡೋಣ. ನಮ್ಮ ಹುಡುಗ ಈಗ ಹತ್ತು ವರ್ಷದವನು. ಶನಿವಾರ ಬೆಳಿಗ್ಗೆ ಹನ್ನೆರಡು ಲೀಟರ್ ನೀರು ಅವನೇ ಅಳೆದು ಬದಲಿಸುತ್ತಾನೆ. ದೊಡ್ಡಪತ್ರೆಯ ಕುಂಡದ ಎಲೆ ಮಾತ್ರ ತಂಬುಳಿಗೆ ಕೀಳಲು ಇಂದಿಗೂ ಬಿಡುವುದಿಲ್ಲ.

ಉಪ್ಪಿನ ಮಾತು ಬಂದೇ ಬಂತು. ಮುಂದಿನ ಸಂಚಿಕೆಗೆ ಮಾವಿನಮಿಡಿ ಉಪ್ಪಿನಕಾಯಿ ಇಟ್ಟುಕೊಳ್ಳೋಣ. ಅದಕ್ಕೆ ಹರಳುಪ್ಪೇ ಆಗಬೇಕು, ಈಗಲೇ ತಂದು ಬಿಸಿಲಿಗೆ ಹಾಕಿಡಿ.