ಜೋಡಿಚಿತ್ರಗಳ ಜೋಪಾಸನೆ

ವಾಚಕರೇ, ಕಮತಗಿಗೆ ಐಹೊಳೆಯು ದೂರವಲ್ಲ. ಅಲ್ಲಿಯ ದುರ್ಗಗುಡಿಯ ಕಂಬಗಳು ಒಂದರ ಹಿಂದೊಂದು ನಿಂತ ಸೊಬಗು ಒಂಟಿ ಚಿತ್ರದಲ್ಲಿ ಬಾರದು. ನಮ್ಮ ಕಣ್ಣುಗಳ ನಡುವೆ ಸುಮಾರು 6.5 ಸೆಂಟಿಮೀಟರು ಅಂತರವಿರುವುದರಿಂದ ಎರಡರ ನೋಟವೂ ಭಿನ್ನ. ಆ ಭೇದವೇ ಆಳವನ್ನು ತೋರುವುದೆಂದು ವ್ಹೀಟ್‌ಸ್ಟನ್ ಪಂಡಿತನು 1838ರಲ್ಲಿ ವಿವರಿಸಿದನು.

ಹಿರಿಯರು ತೆಗೆದ ಇಂಥ ಜೋಡಿ ಸ್ಲೈಡುಗಳು ಮನೆಯಲ್ಲಿದ್ದರೆ, ಬೂಸಲು ಹಿಡಿಯುವ ಮುನ್ನವೇ ಸ್ಕ್ಯಾನ್ ಮಾಡಿಡಿರಿ. ಚೌಕಟ್ಟಿನಿಂದ ಬಿಡಿಸುವಾಗ ಎಡ ಯಾವುದು, ಬಲ ಯಾವುದು ಎಂದು ಮೊದಲು ಗುರುತಿಸಿರಿ. ಅಂಚನ್ನು ಮಾತ್ರ ಹಿಡಿಯಿರಿ. ಒದ್ದೆ ಬಟ್ಟೆಯನ್ನು ತಾಗಿಸದಿರಿ. ಎರಡನ್ನೂ ಒಂದೇ ಬೆಳಕಿನಲ್ಲಿ, ಒಂದೇ ಅಳತೆಯಲ್ಲಿ ಸ್ಕ್ಯಾನ್ ಮಾಡಿರಿ. ಮರಳಿ ಜೋಡಿಸುವಾಗ ಒಂದು ಮೇಲೆ, ಒಂದು ಕೆಳಗಾದರೆ ಕಣ್ಣು ನೋಯುವುದು. ಎಡಬಲ ಅದಲುಬದಲಾದರೆ ಮುಂದಿನ ಕಂಬವು ಹಿಂದಕ್ಕೆ ಸರಿದಂತೆ ತೋರುವುದು.

ನೇಯ್ಗೆಯ ಊರಿನವರಿಗೆ ಇದನ್ನು ಹೆಚ್ಚು ಹೇಳಬೇಕೆ? ಹಾಸಿನ ಒಂದೆಳೆ ತಪ್ಪಿದರೂ ಸೀರೆಯ ಅಂದವೇ ಕೆಡುವುದಷ್ಟೆ.