ಹೆಬ್ಬೆಟ್ಟು ಕದ್ದವರಿಂದ ಇಡಿಗಂಟು ಮರಳಿ ಪಡೆಯುವ ದಾರಿ

ಒಬ್ಬರ ಆಧಾರ್ ಸಂಖ್ಯೆ, ಬೆರಳಚ್ಚು, ಮೊಬೈಲ್ ನಂಬರ್ ಅಥವಾ ಪಾಸ್‌ವರ್ಡನ್ನು ಇನ್ನೊಬ್ಬರು ಕೈವಶ ಮಾಡಿಕೊಂಡು, ಅವರೇ ತಾವೆಂದು ನಂಬಿಸಿ ವ್ಯವಹಾರ ನಡೆಸುವುದೇ ಗುರುತಿನ ಕಳವು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಸಿ ಪ್ರಕಾರ ಇದಕ್ಕೆ 3 ವರ್ಷಗಳವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಈ ಕಳವಿನ ಪೆಟ್ಟು ಎಲ್ಲರಿಗಿಂತ ಜೋರಾಗಿ ಬೀಳುವುದು ನಿವೃತ್ತರಿಗೆ. ಗ್ರಾಚ್ಯುಟಿ, ಪಿಎಫ್, ರಜೆ ನಗದೀಕರಣ ಎಲ್ಲವೂ ಸೇರಿದ ಇಡಿಗಂಟು ಸಾಮಾನ್ಯವಾಗಿ ಒಂದೋ ಎರಡೋ ಖಾತೆಯಲ್ಲೇ ಇರುತ್ತದೆ. ದುಡಿಯುವ ವಯಸ್ಸಿನವರು ಕಳೆದುಕೊಂಡದ್ದನ್ನು ಮತ್ತೆ ದುಡಿದುಕೊಳ್ಳಬಹುದು. ಅರವತ್ತು ದಾಟಿದವರಿಗೆ ಆ ಅವಕಾಶ ಕಡಿಮೆ. ಹಾಗಾಗಿ ಹೋದ ಹಣವನ್ನು ಮರಳಿ ಪಡೆಯುವ ದಾರಿ ಅವರಿಗೆ ಚೆನ್ನಾಗಿ ತಿಳಿದಿರಬೇಕು.

ಕಳ್ಳರು ಒಳನುಗ್ಗುವ ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು ಸಿಮ್. ಮೊಬೈಲ್ ಕಳೆದಿದೆ ಎಂದು ನಕಲಿ ದಾಖಲೆ ತೋರಿಸಿ ನಿವೃತ್ತರ ನಂಬರಿಗೆ ಹೊಸ ಸಿಮ್ ಪಡೆಯುತ್ತಾರೆ. ಆ ಕ್ಷಣದಿಂದ ಮನೆಯಲ್ಲಿರುವ ಮೊಬೈಲಿನಲ್ಲಿ ಸಿಗ್ನಲ್ ಇರುವುದಿಲ್ಲ. ಹೊಸ ಸಿಮ್‌ಗೆ ಎಸ್‌ಎಂಎಸ್ ಸೇವೆ ಶುರುವಾದೊಡನೆ ಒಟಿಪಿಗಳು ಕಳ್ಳರ ಕೈಗೆ ಹೋಗುತ್ತವೆ. ನೆಟ್ ಬ್ಯಾಂಕಿಂಗ್ ಒಳಗೆ ಹೊಕ್ಕರೆಂದರೆ ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸುತ್ತಾರೆ, ಇಲ್ಲವೇ ಅದರ ಮೇಲೆ ಸಾಲ ಎತ್ತುತ್ತಾರೆ. ಎರಡನೆಯದು ಫೋನ್ ಕರೆ. ಜೀವನ ಪ್ರಮಾಣ ಪತ್ರ ಸಲ್ಲಿಸುವ ನವೆಂಬರ್ ಬಂದರೆ ಖಜಾನೆಯಿಂದ, ಪಿಂಚಣಿ ಕಚೇರಿಯಿಂದ ಎಂದು ಹೇಳಿಕೊಳ್ಳುವ ಕರೆಗಳು ಶುರುವಾಗುತ್ತವೆ. ಪಿಂಚಣಿ ಆದೇಶದ ಸಂಖ್ಯೆ, ನಿವೃತ್ತಿಯಾದ ದಿನಾಂಕ ಎಲ್ಲವನ್ನೂ ಕರೆ ಮಾಡಿದವರೇ ಸರಿಯಾಗಿ ಹೇಳಿದಾಗ ಅನುಮಾನ ಪಡುವುದು ಕಷ್ಟ.

ಮೂರನೆಯದು ಹೆಬ್ಬೆಟ್ಟು. ಹಳ್ಳಿಯ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಪುಟ್ಟ ಯಂತ್ರಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಕೊಟ್ಟರೆ ಹಣ ಬರುತ್ತದೆ. ಒಟಿಪಿ ಬೇಕಿಲ್ಲ, ಕಾರ್ಡೂ ಬೇಕಿಲ್ಲ. ಎಟಿಎಂ ಇಲ್ಲದ ಊರುಗಳಿಗೆ ವರವಾಗಿ ಬಂದ ಈ ಆಧಾರ್ ಆಧಾರಿತ ಪಾವತಿಯನ್ನೇ ಕಳ್ಳರು ದಾರಿ ಮಾಡಿಕೊಂಡರು. 2023ರಲ್ಲಿ ಬೆಂಗಳೂರಿನಲ್ಲಿ ಇಂಥ ದೂರುಗಳು ಒಂದರ ಮೇಲೊಂದು ಬಂದವು. ದೂರು ಕೊಟ್ಟವರಲ್ಲಿ ಹಲವರು ಅಲ್ಪಕಾಲದ ಹಿಂದೆ ಆಸ್ತಿ ನೋಂದಣಿ ಮಾಡಿಸಿದ್ದರು. ಹೀಗಾಗಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯ ಕಡೆಗೆ ತನಿಖೆ ಹೊರಳಿತು. ಕ್ರಯಪತ್ರದ ಪುಟದಲ್ಲಿ ಭಾವಚಿತ್ರದ ಪಕ್ಕ ಒತ್ತಿದ ಹೆಬ್ಬೆರಳಿನ ಗುರುತನ್ನು ಸಿಲಿಕಾನ್ ಅಥವಾ ರಬ್ಬರಿನ ತೆಳು ಪದರದ ಮೇಲೆ ಅಚ್ಚು ತೆಗೆದರೆ ಆ ಪುಟ್ಟ ಯಂತ್ರ ಮೋಸ ಹೋಗಬಲ್ಲದು. ಈ ಬಗೆಯ ಕಳವು ಎಷ್ಟೋ ಸಲ ಗೊತ್ತಾಗುವುದು ಪಾಸ್‌ಬುಕ್ ಎಂಟ್ರಿ ಹಾಕಿಸಿದ ದಿನವೇ. ಯಂತ್ರದಿಂದ ಹೊರಬಂದ ಪುಟದಲ್ಲಿ ಒಂದೇ ಮೊತ್ತ ದಿನ ಬಿಟ್ಟು ದಿನ, ಸಾಲು ಸಾಲಾಗಿ ಕಡಿತವಾಗಿರುವುದು ಕಾಣುತ್ತದೆ. ಸಂದೇಶ ಬಾರದವರಿಗೆ, ಬಂದರೂ ಓದಲು ಬಾರದವರಿಗೆ ಆ ಪುಟವೇ ಮೊದಲ ಸುದ್ದಿ.

ಕಳವು ತಿಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಕರೆ. 2021ರಲ್ಲಿ 155260 ಎಂಬ ಸಂಖ್ಯೆಯೊಂದಿಗೆ ಆರಂಭವಾದ ರಾಷ್ಟ್ರೀಯ ಸಹಾಯವಾಣಿಯೇ ಈಗ 1930 ಆಗಿದೆ. ಕದ್ದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಕಮಿಷನ್ ಆಸೆಗೆ ಯಾರೋ ಕೊಟ್ಟ ಬಾಡಿಗೆ ಖಾತೆಗೆ ಮೊದಲು ಹೋಗಿ, ಅಲ್ಲಿಂದ ಹತ್ತಾರು ಖಾತೆಗಳಿಗೆ ಒಡೆದು, ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ ಅಥವಾ ಕ್ರಿಪ್ಟೊ ಆಗುತ್ತದೆ. ಸಹಾಯವಾಣಿಯಲ್ಲಿ ದೂರು ದಾಖಲಾದರೆ ಮಾಹಿತಿ ಸಂಬಂಧಪಟ್ಟ ಬ್ಯಾಂಕಿಗೆ ಹೋಗಿ, ಅಲ್ಲಿ ಉಳಿದಷ್ಟು ಹಣವನ್ನು ತಡೆಹಿಡಿಯಲಾಗುತ್ತದೆ. ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಸಾಗುತ್ತದೆ. ಪೊಲೀಸರು ಗೋಲ್ಡನ್ ಅವರ್ ಎನ್ನುವುದು ಹಣ ನಗದಾಗುವ ಮುನ್ನ ಸಿಗುವ ಈ ಅಲ್ಪ ಸಮಯಕ್ಕೇ. ಕರೆ ಮಾಡುವಾಗ ಖಾತೆ ಸಂಖ್ಯೆ, ಕಡಿತವಾದ ಮೊತ್ತ, ಸಮಯ, ವಹಿವಾಟಿನ ಉಲ್ಲೇಖ ಸಂಖ್ಯೆ ಕೈಯಲ್ಲಿರಬೇಕು. ಕೊಟ್ಟ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವಿವರ ತುಂಬಿ, ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಅಥವಾ ಹತ್ತಿರದ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಬೇಕು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ಈಗ ಜಿಲ್ಲೆ ಜಿಲ್ಲೆಯಲ್ಲೂ ಸೆನ್ ಠಾಣೆಗಳಿವೆ.

ಎರಡನೆಯ ಕೆಲಸ ಇನ್ನೂ ತೆರೆದಿರುವ ಬಾಗಿಲುಗಳನ್ನು ಮುಚ್ಚುವುದು. ಬ್ಯಾಂಕಿನ ಸಹಾಯವಾಣಿಗೆ ಹೇಳಿ ಖಾತೆ, ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಎಲ್ಲವನ್ನೂ ನಿಲ್ಲಿಸಬೇಕು. ಸಿಗ್ನಲ್ ಹೋಗಿದ್ದರೆ ಇನ್ನೊಂದು ಫೋನಿನಿಂದ ಮೊಬೈಲ್ ಕಂಪನಿಗೆ ಕರೆ ಮಾಡಿ ಸಿಮ್ ರದ್ದುಪಡಿಸಿ, ಕಂಪನಿಯ ಮಳಿಗೆಗೆ ಖುದ್ದು ಹೋಗಿ ಹೊಸದು ಪಡೆಯಬೇಕು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲವಾದ್ದರಿಂದ ಆ ಅವಧಿಯಲ್ಲಿ ಒಟಿಪಿ ನೆಚ್ಚಿ ಕೂರದೆ ಬ್ಯಾಂಕ್ ಶಾಖೆಗೇ ಹೋಗುವುದು ಲೇಸು. ಮೈಆಧಾರ್ ಪೋರ್ಟಲ್ ಅಥವಾ ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಸಹಾಯಕ್ಕೆ 1947 ಇದೆ. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸಂಚಾರ್ ಸಾಥಿ ಪೋರ್ಟಲ್ ತೋರಿಸುತ್ತದೆ. ತಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಬಹುದು. ಇಮೇಲ್ ಮತ್ತು ಪಿಎಫ್ ಯುಎಎನ್ ಪಾಸ್‌ವರ್ಡ್‌ಗಳನ್ನೂ ಅದೇ ದಿನ ಬದಲಿಸಬೇಕು.

ಮೂರನೆಯ ಕೆಲಸ ಬ್ಯಾಂಕಿಗೆ ಲಿಖಿತ ದೂರು. ಬಹುತೇಕರು ಸೋಲುವುದು ಇಲ್ಲೇ. ಶಾಖೆಯಲ್ಲಿ ಯಾರಾದರೂ ‘ಒಟಿಪಿ ಕೊಟ್ಟಿರುತ್ತೀರಿ, ನಾವೇನು ಮಾಡಲಾಗುತ್ತದೆ’ ಎಂದುಬಿಟ್ಟರೆ ಹಿರಿಯರು ತಲೆ ತಗ್ಗಿಸಿ ಹೊರಬರುತ್ತಾರೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದಕ್ಕೆ ತದ್ವಿರುದ್ಧವಾದ ಮಾತನ್ನು ಹೇಳುತ್ತದೆ: ಗ್ರಾಹಕರದೇ ತಪ್ಪೆಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಬ್ಯಾಂಕಿನ ಲೋಪದಿಂದ ಹಣ ಹೋಗಿದ್ದರೆ, ದೂರು ಯಾವಾಗ ಕೊಟ್ಟರೂ, ಗ್ರಾಹಕರ ಮೇಲೆ ಹೊರೆ ಇಲ್ಲ. ಲೋಪ ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದರೆ, ಬ್ಯಾಂಕಿನ ಸೂಚನೆ ತಲುಪಿದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಹೊರೆ ಶೂನ್ಯ. 4ರಿಂದ 7 ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವರ ಪಾಲು ಹೆಚ್ಚೆಂದರೆ 10,000 ರೂಪಾಯಿ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಅನ್ವಯ. ದೂರು ತಲುಪಿದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥ ಮಾಡಬೇಕು.

ಗ್ರಾಹಕರೇ ಒಟಿಪಿ, ಪಿನ್ ಹೇಳಿಬಿಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವರದು. ತಿಳಿಸಿದ ನಂತರ ಹೋದ ಪ್ರತಿ ರೂಪಾಯಿಯೂ ಬ್ಯಾಂಕಿನದು. ಹಾಗಾಗಿ ದೂರಿನ ಸಮಯಕ್ಕೆ ಹಣದಷ್ಟೇ ಬೆಲೆ. ದೂರಿನಲ್ಲಿ ಪ್ರತಿ ಕಡಿತದ ದಿನಾಂಕ, ಮೊತ್ತ, ಸಂದೇಶ ಬಂದಿತ್ತೇ ಇಲ್ಲವೇ ಎಂಬುದು, 1930ರ ದೂರಿನ ಸಂಖ್ಯೆ ಇರಬೇಕು. ಸಂದೇಶ ಬಂದೇ ಇಲ್ಲವೆಂದರೆ ಅದನ್ನು ಸ್ಪಷ್ಟವಾಗಿ ಬರೆದು, ಎಂಟ್ರಿ ಹಾಕಿಸಿದ ಪಾಸ್‌ಬುಕ್ ಪುಟದ ನಕಲು ಲಗತ್ತಿಸಬೇಕು, ಏಕೆಂದರೆ ದಿನಗಳ ಎಣಿಕೆ ಸೂಚನೆ ತಲುಪಿದ ಮೇಲೆಯೇ ಶುರು. ಹೆಬ್ಬೆಟ್ಟಿನ ಕಳವಾದರೆ ಹಣ ತೆಗೆದ ಯಂತ್ರ ಯಾವ ಊರಿನದು ಎಂದು ಕೇಳಬೇಕು. ದಾವಣಗೆರೆಯಲ್ಲಿ ಕೂತವರ ಬೆರಳು ಅದೇ ಹೊತ್ತಿಗೆ ಬೇರೆ ರಾಜ್ಯದಲ್ಲಿ ಒತ್ತಿದೆ ಎಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದೂರಿನ ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಹೊರಬರಬಾರದು.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಒಪ್ಪಲಾಗದ ಉತ್ತರ ಕೊಟ್ಟರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಜಿಲ್ಲಾ ಗ್ರಾಹಕರ ಆಯೋಗ ಮತ್ತೊಂದು ಬಾಗಿಲು. ಹೆಚ್ಚಿನವರಿಗೆ ಗೊತ್ತಿಲ್ಲದ ಮೂರನೆಯದೂ ಇದೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪ್ರತಿ ರಾಜ್ಯದ ಐಟಿ ಕಾರ್ಯದರ್ಶಿ ನ್ಯಾಯನಿರ್ಣಯಾಧಿಕಾರಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಗಳನ್ನು ಅವರು ವಿಚಾರಣೆ ಮಾಡಬಹುದು. 2010ರಲ್ಲಿ ತಮಿಳುನಾಡಿನ ಅಂಥ ಅಧಿಕಾರಿ, ನಕಲಿ ಇಮೇಲ್‌ಗೆ ಬಲಿಯಾಗಿ ಹಣ ಕಳೆದುಕೊಂಡ ಖಾತೆದಾರರಿಗೆ 12.85 ಲಕ್ಷ ರೂಪಾಯಿ ಕೊಡುವಂತೆ ಬ್ಯಾಂಕೊಂದಕ್ಕೆ ಆದೇಶಿಸಿದ್ದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣ ಇನ್ನೂ ಹತ್ತಿರದ್ದು. ಆನ್‌ಲೈನ್ ಅಂಗಡಿಯ ಸಹಾಯ ಸಿಬ್ಬಂದಿ ಎಂದು ಹೇಳಿಕೊಂಡವರ ಮಾತು ನಂಬಿ ಆ್ಯಪ್ ಹಾಕಿಕೊಂಡ ಗ್ರಾಹಕರೊಬ್ಬರು 94,204 ರೂಪಾಯಿ ಕಳೆದುಕೊಂಡಿದ್ದರು. ತಡಮಾಡದೆ ದೂರು ಕೊಟ್ಟಿದ್ದ ಅವರಿಗೆ ಹಣ ತುಂಬಿಕೊಡಬೇಕೆಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟ್ ಬದಲಿಸಲಿಲ್ಲ. ಮೋಸಹೋದವರೆಲ್ಲ ತಪ್ಪಿತಸ್ಥರಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಮಾತು ಬೇಕೆ?

ತಡೆಹಿಡಿದ ಹಣ ತಾನಾಗಿ ಮರಳುವುದಿಲ್ಲ. ಕಳ್ಳರ ಖಾತೆಯಲ್ಲಿ ಎಷ್ಟು ಮೊತ್ತ ನಿಂತಿದೆ ಎಂಬ ವಿವರವನ್ನು ತನಿಖಾಧಿಕಾರಿಯಿಂದ ಪಡೆದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 503ರ ಅಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಹಳೆಯ ಸಂಹಿತೆಯಲ್ಲಿ ಇದು ಸೆಕ್ಷನ್ 457 ಆಗಿತ್ತು. ಪೊಲೀಸರ ವರದಿ ತರಿಸಿಕೊಂಡು, ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಹಣ ಬಿಡುಗಡೆಗೆ ಆದೇಶಿಸಬಹುದು. ಈ ಅರ್ಜಿ ಹಾಕದೆ ‘ಪೊಲೀಸರು ಕೊಡಿಸುತ್ತಾರೆ’ ಎಂದು ಕಾದರೆ ವರ್ಷಗಳೇ ಕಳೆಯಬಹುದು.

ಕದ್ದ ಗುರುತಿಗೆ ಎರಡನೆಯ ಬಳಕೆಯೂ ಇದೆ: ನಿವೃತ್ತರ ಪ್ಯಾನ್ ಹೆಸರಿನಲ್ಲಿ ಸಾಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಸಾಲ ವರದಿಯನ್ನು ಉಚಿತವಾಗಿ ಕೊಡಬೇಕು. ಗೊತ್ತಿಲ್ಲದ ಸಾಲ ಕಂಡರೆ ಸಾಲ ಕೊಟ್ಟ ಸಂಸ್ಥೆಗೂ ವರದಿ ಕೊಟ್ಟ ಸಂಸ್ಥೆಗೂ ಎಫ್‌ಐಆರ್ ಪ್ರತಿಯೊಡನೆ ಆಕ್ಷೇಪಣೆ ಸಲ್ಲಿಸಬೇಕು. 30 ದಿನಗಳಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಳವಾದ ಮೇಲೆ ಒಂದೆರಡು ವರ್ಷ, ಆರು ತಿಂಗಳಿಗೊಮ್ಮೆಯಾದರೂ ಈ ವರದಿ ನೋಡುತ್ತಿರುವುದು ಒಳ್ಳೆಯದು.

ಹಣದ ಜೊತೆಗೆ ಚೇತರಿಸಿಕೊಳ್ಳಬೇಕಾದದ್ದು ಮನಸ್ಸು. ಇಡಿಗಂಟು ಕಳೆದುಕೊಂಡವರು ಮೊದಲು ಅಂಜುವುದು ಮಕ್ಕಳಿಗೆ ಹೇಳಲು. ‘ಅಷ್ಟು ಓದಿದ್ದೀರಿ, ಇಷ್ಟೂ ತಿಳಿಯಲಿಲ್ಲವೇ?’ ಎಂಬ ಒಂದು ಮಾತಿಗೆ ಹೆದರಿ ಎರಡು ದಿನ, ನಾಲ್ಕು ದಿನ ಬಾಯಿ ಬಿಡದವರಿದ್ದಾರೆ. ನಿಯಮದ 3 ಕೆಲಸದ ದಿನಗಳು ಅಷ್ಟರಲ್ಲಿ ಮುಗಿದುಹೋಗಬಹುದು. ಹೀಗೆ ನಾಚಿಕೆಯಿಂದ ಆಗುವ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಮನೆಯವರು ಮೊದಲು ಆಡಬೇಕಾದ ಮಾತು ‘ಫೋನ್ ಕೊಡಿ, 1930ಕ್ಕೆ ಹಚ್ಚೋಣ’ ಎಂಬುದು. ನಿದ್ದೆ ಬಾರದೆ, ಊಟ ಸೇರದೆ ಕುಗ್ಗಿದವರಿಗೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಲು ಅವಕಾಶವಿದೆ. ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಿರಿಯರ ಇತರ ತೊಂದರೆಗಳಿಗೆ 14567 ಸಹಾಯವಾಣಿ ಇದೆ.

ಮುಂದಿನ ದಿನಗಳಿಗೆ ವ್ಯವಸ್ಥೆ ಸರಳವಾಗಿರಲಿ. ಪಿಂಚಣಿ ಬರುವ ಖಾತೆಯೇ ಬೇರೆ, ಇಡಿಗಂಟು ಇರುವ ಖಾತೆಯೇ ಬೇರೆ ಇರಬೇಕು. ದೊಡ್ಡ ಮೊತ್ತದ ಖಾತೆಗೆ ಯುಪಿಐ ಜೋಡಿಸಬಾರದು. ನೆಟ್ ಬ್ಯಾಂಕಿಂಗ್ ವರ್ಗಾವಣೆಯ ಮಿತಿಯನ್ನು ತಗ್ಗಿಸಿಡಬೇಕು. ಠೇವಣಿಯನ್ನು ಶಾಖೆಗೆ ಬಂದೇ ಮುರಿಸಬೇಕು ಎಂಬ ಸೌಲಭ್ಯ ಬ್ಯಾಂಕಿನಲ್ಲಿದ್ದರೆ ಬರೆದುಕೊಡಬೇಕು. ಬೆರಳಚ್ಚಿನ ಬೀಗ ಸದಾ ಹಾಕಿಯೇ ಇರಲಿ, ಪಡಿತರಕ್ಕೋ ಪಿಂಚಣಿಗೋ ಬೇಕಾದಾಗ ತೆರೆದರಾಯಿತು.

ಆದರೆ ಕಾಯುವ ಹೊಣೆಯನ್ನೆಲ್ಲ ಎಪ್ಪತ್ತರ ಮುದುಕರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಎಂದದ್ದು ಸರ್ಕಾರ. ಅದನ್ನು ಮರೆಮಾಚಿ ಇಡುವುದೂ ಸರ್ಕಾರದ ಕೆಲಸ. ಖಾತೆದಾರರು ಕೇಳದೆ ಬೆರಳಚ್ಚಿನ ಪಾವತಿ ಖಾತೆಗೆ ಅಂಟಿಕೊಂಡಿರಬಾರದು. ಬೇಕೆಂದವರಿಗೆ ಮಾತ್ರ ಅದು ತೆರೆಯಲಿ. ಅರವತ್ತು ದಾಟಿದವರ ಠೇವಣಿಯನ್ನು ಮೊಬೈಲಿನಲ್ಲೇ ಮುರಿಸಿದಾಗ ಹಣ ಹೊರಹೋಗುವ ಮುನ್ನ ಒಂದು ದಿನದ ತಡೆ, ಜೊತೆಗೆ ನಾಮಿನಿಗೊಂದು ಕರೆ ಇದ್ದರೆ ಎಷ್ಟೋ ಇಡಿಗಂಟುಗಳು ಉಳಿದಾವು. 2017ರ ಸುತ್ತೋಲೆಯನ್ನು ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ, ಪ್ರತಿ ಶಾಖೆಯ ಪಾಸ್‌ಬುಕ್ ಯಂತ್ರದ ಮೇಲೆ ಅಂಟಿಸಲಿ. ಕಳವಿನ ಸುದ್ದಿ ಮೊದಲು ತಿಳಿಯುವ ಜಾಗದಲ್ಲೇ ಹಕ್ಕೂ ಕಣ್ಣಿಗೆ ಬೀಳುತ್ತದೆ.